ದಾಕ್ಷಿಯ ಭಾಗಾಕಾರ

ಗುಡ್ಡಗಳು ಕೂತಲ್ಲೇ ಕೂರುವುದನ್ನು ಇನ್ನೂ ಕಲಿಯದಿದ್ದ ಕಾಲದಲ್ಲಿ ಒಬ್ಬ ಮುದುಕಿ ಬುಟ್ಟಿ ತುಂಬ ಮಾತು ಹೊತ್ತುಕೊಂಡು ಎರಡು ಗುಡ್ಡಗಳ ನಡುವಿನ ದಾರಿಯಲ್ಲಿ ಹೊರಟಿದ್ದಳಂತೆ. ಬುಟ್ಟಿಗೆ ತೂತಿತ್ತು. ಅವಳು ಬೀಳಿಸುತ್ತ ಹೋದದ್ದನ್ನು ಹಿಂದೆ ಬರುತ್ತಿದ್ದವರು ಆರಿಸಿಕೊಂಡರು. ಆರಿಸಿಕೊಂಡವರು ತಲೆ ಭಾರವಾಗಿ ಮುಂದೆ ನಡೆಯಲಾಗದೆ ಅಲ್ಲೇ ಮನೆ ಕಟ್ಟಿಕೊಂಡರು. ಅದೇ ನಮ್ಮೂರಾಯಿತು. ನಮ್ಮ ಆಯಿ, ನನ್ನ ಅಜ್ಜಿ, ಯಾವ ಕಥೆ ಹೇಳುವುದಿದ್ದರೂ ಮೊದಲು ಇದನ್ನು ಹೇಳುತ್ತಿದ್ದಳು. ನಾನು ಹೂಂ ಅನ್ನಬೇಕು. ಹೂಂ ಅನ್ನುವುದು ತಡವಾದರೆ ಮುದುಕಿಯನ್ನು ಮತ್ತೆ ಗುಡ್ಡದ ಆಚೆ ಕಳಿಸಿ ಮೊದಲಿನಿಂದ ನಡೆಸಿಕೊಂಡು ಬರುತ್ತಿದ್ದಳು.

ಬೇರೆ ಊರುಗಳಲ್ಲಿ ಮರೆತದ್ದು ಎಲ್ಲಿಗೆ ಹೋಗುತ್ತದೆಯೋ ನನಗೆ ತಿಳಿಯದು. ನಮ್ಮೂರಲ್ಲಿ ಅದು ಹತ್ತಿರದ ತಲೆಗೆ ಬೀಳುತ್ತದೆ. ಆ ತಲೆಯಲ್ಲಿ ಜಾಗವಿದ್ದರೆ ಅಲ್ಲೇ ಕೂರುತ್ತದೆ, ಇಲ್ಲದಿದ್ದರೆ ಅದರ ಆಚೆಯ ತಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಏನೂ ಕಳೆದುಹೋಗುವುದಿಲ್ಲ. ಇರಬೇಕಾದಲ್ಲಿ ಇರುವುದಿಲ್ಲ, ಅಷ್ಟೆ. ಸಾರಿಗೆ ಉಪ್ಪು ಹಾಕಲು ಒಬ್ಬಳು ಮರೆತರೆ ಗೋಡೆಯಾಚೆಯವಳು ಎರಡು ಸಲ ಹಾಕಿರುತ್ತಾಳೆ. ಎರಡೂ ಮನೆಯವರು ಪಾತ್ರೆ ತಂದು ಸಾರು ಬೆರೆಸಿಕೊಂಡು ಉಣ್ಣುತ್ತಾರೆ. ಮದುವೆಯಲ್ಲಿ ಐನೋರು ಮಂತ್ರ ಮರೆತರೆ ಸನಾದಿ ಊದುವವನು ಸನಾದಿ ಕೆಳಗಿಟ್ಟು ಅದನ್ನು ಮುಂದುವರಿಸುತ್ತಾನೆ. ತೊಂದರೆಯೆಂದರೆ ಜಗಳದ್ದು. ಒಬ್ಬ ಹಳೆಯ ಸಿಟ್ಟು ಮರೆತು ಹಗುರಾದನೆಂದರೆ ಪಕ್ಕದಲ್ಲಿ ಕೂತಿದ್ದವನಿಗೆ, ತಾನು ಯಾವತ್ತೂ ಮಾತಾಡಿಸದ ಮನುಷ್ಯನ ಮೇಲೆ, ಕಾರಣವಿಲ್ಲದೆ ಮೈ ಉರಿಯತೊಡಗುತ್ತದೆ. ಆದ್ದರಿಂದಲೇ ನಮ್ಮೂರಲ್ಲಿ ರಾಜಿ ಮಾಡಿಸುವ ಹಿರಿಯರು ಯಾವಾಗಲೂ ದೂರ ನಿಂತು ಕೂಗಿ ಮಾತಾಡುತ್ತಾರೆ.

ಇದಕ್ಕೊಂದು ರೀತಿ ಇದೆ. ತಲೆಗೆ ಬಿದ್ದದ್ದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾರದೋ ಅವರು ಬಂದು 'ನಂದೇನರ ನಿಮ್ಮ ಕಡೆ ಬಿತ್ತೇನ್ರಿ' ಎಂದು ಕೇಳಿದರೆ ಕೊಡಬೇಕು. ಕೇಳದೆ ಬಾಯಿ ಬಿಡಬಾರದು. ಕೇಳದೆ ಕೊಡುವುದೆಂದರೆ ನಾಲ್ಕು ಮಂದಿಯ ಎದುರು 'ನೀನು ಮರೆಗುಳಿ' ಎಂದು ಸಾರಿದ ಹಾಗೆ. ಮಕ್ಕಳಿಗೆ ಚಪ್ಪಲಿ ಹಾಕಿಕೊಳ್ಳುವುದನ್ನು ಕಲಿಸುವ ಮೊದಲು ನಮ್ಮವರು ಇದನ್ನು ಕಲಿಸುತ್ತಾರೆ.

ಇಂಥ ಊರಿನಲ್ಲಿ ಗಣಿತ ಕಲಿಸುವುದು ಹೇಗಿರುತ್ತದೆಂದು ನೀವೇ ಊಹಿಸಿ. ಎಂಟು ಏಳು ಹದಿನೈದು, ಐದು ಬರೆದು ದಶಕ ಒಂದು ಎಂದುಕೊಳ್ಳುವಷ್ಟರಲ್ಲಿ ಕಿಟಕಿಯಲ್ಲೊಂದು ಗಿಳಿ ಕೂತರೆ ಮುಗಿಯಿತು. ದಶಕ ಪಕ್ಕದ ಹುಡುಗನ ತಲೆಗೆ ಹೋಗುತ್ತದೆ. ಇವನ ಉತ್ತರದಲ್ಲಿ ಹತ್ತು ಕಡಿಮೆ, ಅವನ ಉತ್ತರದಲ್ಲಿ ಹತ್ತು ಹೆಚ್ಚು. ನಮ್ಮ ಹಿರೇಮಠ ಮಾಸ್ತರು ಇಡೀ ವರ್ಗದ ಉತ್ತರಗಳನ್ನು ಕೂಡಿಸಿ ನೋಡುತ್ತಿದ್ದರು. ಮೊತ್ತ ಯಾವಾಗಲೂ ಸರಿಯಾಗಿರುತ್ತಿತ್ತು. 'ನಮ್ಮ ವರ್ಗ ಪಾಸ್, ಹುಡುಗರಷ್ಟೇ ನಾಪಾಸ್' ಎಂದು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಪರೀಕ್ಷೆಯನ್ನು ಮಾತ್ರ ಬಯಲಿನಲ್ಲಿ, ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕೂರಿಸಿ ನಡೆಸಬೇಕಾಗುತ್ತಿತ್ತು. ಅಲ್ಲಿ ಮೇಯುವ ಕತ್ತೆಗೆ ಏಳೆಂಟ್ಲ ಐವತ್ತಾರು ಬರುತ್ತದೆಂದು ಹೇಳುವವರು ಇದ್ದಾರೆ. ಅದನ್ನು ಕೇಳಿ ನೋಡಿದವರಿಲ್ಲ.

ಹೀಗಿರುವಾಗ ಮೇಲಿನ ಕಚೇರಿಯಿಂದ ಐದಾರು ಕಂಪ್ಯೂಟರುಗಳು ಬಂದವು. ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ ನೆನಪಿನ ತಾಲೀಮು ಕೊಡಬೇಕು, ಕೂಡುವ ಕಳೆಯುವ ಅಂಕಿಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಬಂದರೆ ಲೆಕ್ಕ ತಾನೇ ಬರುತ್ತದೆ ಎಂದು ಜೊತೆಗೆ ಬಂದ ಕಾಗದ ಹೇಳುತ್ತಿತ್ತು. ಮಾಸ್ತರು ಪೆಟ್ಟಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು. ಕನಸು ಕಾಣುತ್ತ ಕೂರುವವಳಿಗೆ ಇದೇ ಸರಿಯಾದ ಕೆಲಸ, ಪರದೆ ನೋಡುತ್ತ ಕೂತರೆ ಯಾರೂ ಏನೂ ಅನ್ನುವುದಿಲ್ಲ ಎಂದು ನನಗೆ ವಹಿಸಿದರು. ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕಿ ನಾನು. ಹೂಂ ಅನ್ನುವುದು ಹೇಗೂ ಅಭ್ಯಾಸವಿತ್ತು.

ತಾಲೀಮು ಚಂದವಿತ್ತು. ಪರದೆಯ ಮೇಲೊಂದು ಕೊಳ. ಕೊಳದಲ್ಲಿ ಅಲ್ಲೊಂದು ಇಲ್ಲೊಂದು ಕಮಲ ಅರಳಿ ಮುಚ್ಚುತ್ತದೆ. ಯಾವುದರ ನಂತರ ಯಾವುದು ಅರಳಿತೋ ಅದೇ ಸರದಿಯಲ್ಲಿ ಒತ್ತಬೇಕು. ಸರಿ ಒತ್ತಿದರೆ ಮುಂದಿನ ಸಲ ಒಂದು ಕಮಲ ಹೆಚ್ಚು. ಆಮೇಲೆ ಹಿಂದುಮುಂದಾಗಿ ಒತ್ತಬೇಕು. ಆಮೇಲೆ ಕಮಲದ ಮೇಲೆ ಅಂಕಿಗಳು ಕೂತು ಬರುತ್ತವೆ. ತಪ್ಪಿದರೆ ಒಂದು ಕಪ್ಪೆ ಎದ್ದು ವಟಗುಟ್ಟುತ್ತದೆ. ಮೊದಲ ದಿನ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಸಾಲಾಗಿ ಕೂರಿಸಿದೆ. ಒಬ್ಬಳು ಮರೆತ ಕಮಲ ಪಕ್ಕದವನ ತಲೆಗೆ ಬಿದ್ದು, ಅವನು ಇಲ್ಲದ ಕಮಲ ಒತ್ತಿ, ಅವನದು ಆಚೆಯವಳಿಗೆ ಹಾರಿ, ಕೋಣೆ ತುಂಬ ಕಪ್ಪೆಗಳು ಒದರಾಡಿದವು. ಕಚೇರಿಯ ಕಾಗದ ಬರೆದವರು ನಮ್ಮೂರಿನವರಲ್ಲ ಎಂಬುದು ಆಗ ಸ್ಪಷ್ಟವಾಯಿತು. ಮರುದಿನ ಕಂಪ್ಯೂಟರುಗಳನ್ನು ಊರ ತುಂಬ ಹಂಚಿಬಿಟ್ಟೆ. ಒಂದು ಶಾಲೆಯಲ್ಲಿ, ಒಂದು ಹಿಟ್ಟಿನ ಗಿರಣಿಯಲ್ಲಿ, ಒಂದು ದರ್ಜಿ ಮಾನಪ್ಪನ ಅಂಗಡಿಯಲ್ಲಿ, ಹೀಗೆ. ಒಂದು ನಮ್ಮ ಮನೆಯ ಪಡಸಾಲೆಯಲ್ಲಿ. ಇನ್ನೊಂದು ನಾಗವ್ವನ ಖಾನಾವಳಿಯಲ್ಲಿ. ನಾನು ಸೈಕಲ್ ತುಳಿಯುತ್ತ ಕಮಲದಿಂದ ಕಮಲಕ್ಕೆ ತಿರುಗುತ್ತಿದ್ದೆ.

ಖಾನಾವಳಿಯಲ್ಲಿ ಇಟ್ಟದ್ದು ನಾಗವ್ವನ ಮಗಳು ದಾಕ್ಷಾಯಣಿಗಾಗಿ. ಎಲ್ಲರೂ ದಾಕ್ಷಿ ಅನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೂ ಶಾಲೆಗೆ ಮೊದಲೂ ಅವಳು ಪಂಕ್ತಿಯ ನಡುವೆ ಓಡಾಡಿ ರೊಟ್ಟಿ ಬಡಿಸುತ್ತಿದ್ದಳು. ಯಾರಿಗೆ ಖಾರ ಬೇಡ, ಯಾರಿಗೆ ಮೊಸರು ಬೇಕು, ಯಾರ ಹಲ್ಲು ನೋಯುತ್ತಿದೆ, ಯಾವುದನ್ನೂ ಕೇಳುತ್ತಿರಲಿಲ್ಲ. ಲೆಕ್ಕದಲ್ಲಿ ಮಾತ್ರ ವರ್ಗಕ್ಕೇ ಕೊನೆಯವಳು. ಸಣ್ಣ ಕೂಡಿಸುವ ಲೆಕ್ಕ ಹೇಗೋ ಮುಗಿಸುತ್ತಿದ್ದಳು. ಭಾಗಾಕಾರ ಬಂದರೆ ಎರಡನೇ ಸಾಲಿಗೇ ಕಣ್ಣು ಎಲ್ಲೋ ತೇಲಿ ಹೋಗುತ್ತಿತ್ತು.

ಗುಡ್ಡದಾಚೆ ಒಂದು ಹೈಸ್ಕೂಲಿತ್ತು. ಅಲ್ಲಿಗೆ ಹೋಗಬೇಕಾದರೆ ದಸರಾ ಸೂಟಿಗೆ ಮೊದಲು ಮಾಸ್ತರರ ಎದುರು ಹಲಗೆಯ ಮೇಲೆ ಒಂದು ದೊಡ್ಡ ಭಾಗಾಕಾರ, ಶೇಷದ ತನಕ, ಮಾಡಿ ತೋರಿಸಬೇಕು. ಅಲ್ಲಿ ಯಾರು ಮರೆತದ್ದೂ ಯಾರ ತಲೆಗೂ ಬೀಳುವುದಿಲ್ಲವಂತೆ. ದಾಕ್ಷಿಗೆ ಆ ಶಾಲೆಯ ಬಗ್ಗೆ ಗೊತ್ತಿದ್ದದ್ದು ಅಷ್ಟೇ, ಅವಳು ಬಯಸಿದ್ದೂ ಅಷ್ಟೇ. ನಾಗವ್ವನ ನಿಲುವು ಬೇರೆ. ಲೆಕ್ಕ ಬರದವಳು ಗುಡ್ಡ ಹತ್ತಿ ಮಾಡುವುದೇನಿದೆ, ಈ ಸಲ ಆಗದಿದ್ದರೆ ಶಾಲೆ ಸಾಕು, ರೊಟ್ಟಿಯ ಬುಟ್ಟಿ ಹಿಡಿದು ಇಲ್ಲೇ ಇರಲಿ ಎಂದು ಉಣ್ಣಲು ಕೂತವರೆದುರಿಗೇ ಹೇಳಿದಳು. ಉಣ್ಣುವವರು ಹೂಂಗುಟ್ಟಿದರು. ಅವರಿಗೆ ದಾಕ್ಷಿ ಹೋಗುವುದು ಬೇಕಿರಲಿಲ್ಲ.

ನಾನು ಆಗ ಬಾಯಿ ಹಾಕಬಾರದಿತ್ತು. ಆದರೆ ಆಯಿಯ ಕಥೆಗಳಲ್ಲಿ ರಾಜಕುಮಾರಿಯನ್ನು ಗೋಪುರದಲ್ಲಿ ಕೂಡಿಹಾಕಿದಾಗ ಯಾರಾದರೊಬ್ಬರು ಎದ್ದು ನಿಂತು ಮಾತು ಕೊಡಲೇಬೇಕು. ದಸರಾ ಸೂಟಿಯೊಳಗೆ ಇವಳ ಕೈಯಿಂದ ಭಾಗಾಕಾರ ಮಾಡಿಸುತ್ತೇನೆ, ಮಾಡಿಸದಿದ್ದರೆ ನಾನೇ ಬಂದು ರೊಟ್ಟಿ ಬಡಿಸುತ್ತೇನೆ ಎಂದುಬಿಟ್ಟೆ. ನಾಗವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀವು ಬಡಸಿದ್ರ ಸಾರು ಕೊಟ್ಟವರಿಗೇ ಸಾರು ಕೊಟ್ಟು, ಉಳದವರು ಒಣಾ ರೊಟ್ಟಿ ತಿಂದು ಏಳತಾರ ಅಕ್ಕೋರ," ಅಂದಳು. "ಇರ್ಲಿ. ಮಾತು ಬಿದ್ದಂಗಾತು."

ತಾಲೀಮು ಶುರುವಾಯಿತು. ಬೇರೆ ಮಕ್ಕಳು ನಾಲ್ಕು ಕಮಲಕ್ಕೆ ಬೆವರುತ್ತಿದ್ದಾಗ ದಾಕ್ಷಿ ಬೇಗನೆ ಏಳಕ್ಕೆ ಹೋದಳು, ಎಂಟಕ್ಕೆ ಹೋದಳು. ಒಂದು ಕೈಯಲ್ಲಿ ರೊಟ್ಟಿಯ ಬುಟ್ಟಿ ಹಿಡಿದೇ ಇನ್ನೊಂದು ಕೈಯಿಂದ ಹಿಂದುಮುಂದಾಗಿ ಒತ್ತುತ್ತಿದ್ದಳು. ಅವಳ ಕೊಳದ ಕಪ್ಪೆಯ ದನಿ ಹೇಗಿದೆಯೆಂದು ನನಗೆ ಮರೆತೇ ಹೋಯಿತು. ನಾನು ಹಿಗ್ಗಿದೆ. ಈ ಹುಡುಗಿಗೆ ನೆನಪಿನ ಕೊರತೆ ಎಂದುಕೊಂಡಿದ್ದೆ, ಕೊರತೆ ತುಂಬಿತು, ಇನ್ನು ಭಾಗಾಕಾರ ನೀರು ಕುಡಿದಷ್ಟು ಸುಲಭ ಎಂದುಕೊಂಡು ಹಲಗೆ ಬಳಪ ಕೊಟ್ಟೆ. ಮೊದಲು ಎರಡನೇ ಸಾಲಿನಲ್ಲಿ ತಪ್ಪುತ್ತಿದ್ದವಳು ಈಗ ಮೊದಲನೇ ಸಾಲಿನಲ್ಲೇ ತಪ್ಪಿದಳು. ಇನ್ನೂ ಹೆಚ್ಚು ತಾಲೀಮು ಕೊಟ್ಟೆ. ಒಂಬತ್ತು ಕಮಲಕ್ಕೆ ಹೋದಳು. ಕೂಡಿಸುವುದೂ ಕೈಬಿಟ್ಟಿತು.

ವಿಚಿತ್ರವೆಂದರೆ ಖಾನಾವಳಿಯಲ್ಲಿ ಜನ ಹೆಚ್ಚಾದರು. ಮನೆಯಲ್ಲಿ ಊಟ ಮಾಡಿ ಬಂದವರೂ ಒಂದು ರೊಟ್ಟಿ ಮುರಿಯುವ ನೆಪದಲ್ಲಿ ಕೂರುತ್ತಿದ್ದರು. ಯಾಕೋ ಇಲ್ಲಿ ಕೂತರೆ ಮನಸ್ಸು ಹಗುರಾಗುತ್ತದೆ ಎಂದು ಮಾನಪ್ಪ ತೇಗಿದ. ನಾಗವ್ವ ಅದು ತನ್ನ ಎಣ್ಣೆಗಾಯಿಯ ಮಹಿಮೆ ಅಂದಳು.

ಮನೆಗೆ ಬಂದು ಆಯಿಯ ಪಕ್ಕ ಕೂತೆ. ಆಯಿ ಪಡಸಾಲೆಯ ಕಂಪ್ಯೂಟರಿನ ಮುಂದೆ ಕಾಲು ಚಾಚಿಕೊಂಡು ಕಮಲ ಒತ್ತುತ್ತಿದ್ದಳು. ಅಲ್ಲಿಗೆ ಬರುವ ಮಕ್ಕಳು ಎದ್ದು ಹೋದ ಕೂಡಲೇ ಅವಳ ಸರದಿ. ಮೊದಲ ಕಮಲದ ಮೇಲೆ ಹಂಸ ಕೂತಿತು, ಅಲ್ಲಿಂದ ಹಾರಿ ಅತ್ತೆಮನೆಗೆ ಹೋಯಿತು, ಅತ್ತೆ ಬಾಗಿಲು ತೆಗೆಯಲಿಲ್ಲ, ಸಿಟ್ಟಿನಿಂದ ಮೂಲೆಗೆ ಹೋಯಿತು, ಹೀಗೆ ಕಥೆ ಕಟ್ಟಿಕೊಂಡು ಒತ್ತುತ್ತಿದ್ದಳು. ನಾನು ದಾಕ್ಷಿಯ ವಿಷಯ ಹೇಳಿದೆ. ಎಷ್ಟು ತಾಲೀಮು ಕೊಟ್ಟರೂ ಲೆಕ್ಕ ನಿಲ್ಲುತ್ತಿಲ್ಲ ಅಂದೆ. ಆಯಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ತುಂಬಿದ ಕೊಡ ತುಳಕೂದಿಲ್ಲ, ಖರೆ. ಆದ್ರ ತುಂಬಿದ ಕೊಡದಾಗ ಹೊಸಾ ನೀರೂ ನಿಲ್ಲೂದಿಲ್ಲ," ಅಂದಳು. "ಕೊಡ ದೊಡ್ಡದು ಮಾಡೀನಿ ಅಂತಿ. ಮದಲು ಒಳಗೇನೈತಿ ಬಗ್ಗಿ ನೋಡೀದೇನು?"

ಮರುದಿನ ದಾಕ್ಷಿಯನ್ನು ಶಾಲೆಯ ಹಿಂದಿನ ಬೇವಿನ ಕಟ್ಟೆಗೆ ಕರೆದುಕೊಂಡು ಹೋಗಿ, ಒಂದು ಭಾಗಾಕಾರ ಕೊಟ್ಟು, ತಲೆಯಲ್ಲಿ ಏನೇನು ಬರುತ್ತದೋ ಅದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಮಾಡು ಅಂದೆ. ಅವಳು ಹಿಂಜರಿದಳು. ಎಲ್ಲವನ್ನೂ ಹೇಳುವುದು ರೀತಿಯಲ್ಲ ಅಂದಳು. ಇಲ್ಲಿ ನಾನೊಬ್ಬಳೇ ಇದ್ದೇನೆ, ನನ್ನ ಕಿವಿಯನ್ನು ಕಿವಿ ಅಂದುಕೊಳ್ಳಬೇಡ ಅಂದೆ. ಬಳಪ ಎತ್ತಿದಳು.

"ಹದಿನಾಕು ಮೂರ್ಲ ನಲವತ್ತೆರಡು. ನಲವತ್ತೇಳರಾಗ ನಲವತ್ತೆರಡು ಹೋದ್ರ... ಮಾನಪ್ಪಕಾಕಾನ ಕತ್ತರಿ ಅಟ್ಟದ ಮ್ಯಾಲ ಹಾಸಿಗಿ ಸುರಳ್ಯಾಗ ಐತಿ... ಐದು. ಐದರ ಬಾಜೂಕ ಆರು ಇಳಸಬೇಕು... ಗಿರಣ್ಯವರ ಆಕಳು ಈದು ತಿಂಗಳಾತು, ಹಾಲು ಕೊಡ್ತೀನಂದಿದ್ರು ಯಾರಿಗೋ... ಐವತ್ತಾರು. ಹಿರೇಮಠ ಸರ್ ಛತ್ರಿ ಬಸ್ಸಿನ್ಯಾಗ..."

ಅಲ್ಲಿಗೆ ನಿಂತಳು. ಕಣ್ಣಲ್ಲಿ ನೀರು ನಿಂತಿತ್ತು.

"ಎಲ್ಲಾರೂ ನನಗ ಮರಗೂಳಿ ಅಂತಾರ ಅಕ್ಕೋರ," ಅಂದಳು. "ನಾ ಏನೂ ಮರತಿಲ್ರಿ. ನನಗ ಮರಿಯಾಕ ಬರಂಗಿಲ್ಲ."

ಪಂಕ್ತಿಯ ನಡುವೆ ಓಡಾಡುವ ಹುಡುಗಿ. ಬಿಸಿ ರೊಟ್ಟಿಯ ಎದುರು ಯಾರಿಗೆ ಏನು ನೆನಪಿರುತ್ತದೆ? ಮರೆಯಲು ಊಟದ ಹೊತ್ತಿನಷ್ಟು ಒಳ್ಳೆಯ ಹೊತ್ತು ಇಲ್ಲ. ಊರೆಲ್ಲ ಮರೆತದ್ದು ಹತ್ತಿರದ ತಲೆಗೆ, ಅಂದರೆ ಅವಳ ತಲೆಗೆ, ಬೀಳುತ್ತಿತ್ತು. ನಾನು ತಾಲೀಮು ಕೊಟ್ಟು ಕೊಟ್ಟು ಆ ತಲೆಯಲ್ಲಿ ಜಾಗ ಮಾಡಿದೆ. ಜಾಗವಾದಷ್ಟೂ ಬಿತ್ತು. ನಮ್ಮೂರಿನ ತಲೆಗೆ ಬೇರೆ ಊರಿನ ಔಷಧ ಕುಡಿಸಿದ್ದೆ.

ಅದನ್ನು ಇಳಿಸುವುದು ಹೇಗೆ? ಕೇಳದೆ ಕೊಡುವಂತಿಲ್ಲ. ಕೇಳಬೇಕಾದವರಿಗೆ ತಾವು ಮರೆತಿದ್ದೇವೆಂಬುದೇ ಮರೆತುಹೋಗಿರುತ್ತದೆ. ಮಾನಪ್ಪ ಕತ್ತರಿಯನ್ನು ಮರೆತು ಬೇರೆ ಕತ್ತರಿ ಕೊಂಡಾಗಿತ್ತು. ಹಳೆಯ ಕತ್ತರಿಯೊಂದಿತ್ತು ಎಂಬುದೂ ಅವನ ತಲೆಯಲ್ಲಿರಲಿಲ್ಲ. ನೀನೇ ಹೋಗಿ ಹೇಳಿಬಿಡು ಅಂದರೆ ದಾಕ್ಷಿ, ಅವ್ವ ಏನು ತಿಳಿದುಕೊಂಡಾಳು, ನನ್ನನ್ನು ಸರಿಯಾಗಿ ಬೆಳೆಸಲಿಲ್ಲ ಎಂದು ಅವಳನ್ನು ಬಯ್ಯುತ್ತಾರೆ ಅಂದಳು.

ಉಪಾಯ ಸಿಕ್ಕಿದ್ದು ಗಿರಣಿಯಲ್ಲಿ. ಅಲ್ಲಿ ಕಮಲ ಒತ್ತುತ್ತಿದ್ದ ಫಕೀರಪ್ಪನೆಂಬ ಹುಡುಗ ಆ ಹೊತ್ತಿಗೂ ಐದು ಕಮಲ ದಾಟಿರಲಿಲ್ಲ. ಆದರೆ ಅವನ ಲೆಕ್ಕ ಸುಧಾರಿಸಿತ್ತು. ಯಾಕೆಂದು ಪಕ್ಕದಲ್ಲಿ ನಿಂತು ನೋಡಿದೆ. ಮೊದಲೆಲ್ಲ ನಾಲ್ಕು ಒತ್ತಿ ಮುಗಿಯಿತೆಂದು ಕೈಕಟ್ಟಿ ಕೂರುತ್ತಿದ್ದವನು ಈಗ ನಾಲ್ಕು ಒತ್ತಿ ತಲೆ ಕೆರೆದುಕೊಳ್ಳುತ್ತಿದ್ದ. ಇನ್ನೊಂದಿತ್ತಲ್ಲ ಅನ್ನುತ್ತಿದ್ದ. ಯಾವುದೆಂದು ನೆನಪಾಗದಿದ್ದರೂ ಒಂದು ಇತ್ತು ಎಂಬುದು ಗೊತ್ತಾಗುತ್ತಿತ್ತು. ಲೆಕ್ಕದಲ್ಲೂ ಹಾಗೇ. ದಶಕ ಜಾರಿದ ಕೂಡಲೇ ಕೈ ಖಾಲಿಯಾದದ್ದು ತಿಳಿದು, ಪಕ್ಕದವಳ ಕಡೆ ತಿರುಗಿ ನಂದೇನಾದರೂ ಬಿತ್ತೇ ಎಂದು ಕೇಳಿ ಇಸಿದುಕೊಳ್ಳುತ್ತಿದ್ದ. ಕಮಲಗಳು ಅವನಿಗೆ ಹೆಚ್ಚು ನೆನಪನ್ನೇನೂ ಕೊಟ್ಟಿರಲಿಲ್ಲ. ಮರೆತದ್ದರ ಜಾಗ ಎಲ್ಲಿದೆ ಎಂದು ತೋರಿಸಿಕೊಟ್ಟಿದ್ದವು.

ಹಾಗಾದರೆ ತಾಲೀಮು ಬೇಕಾದದ್ದು ದಾಕ್ಷಿಗಲ್ಲ, ಊರಿಗೆ. ಹಿರೇಮಠ ಮಾಸ್ತರರಿಗೆ ಹೇಳಿದೆ. ಬೆಳೆದ ಜನ ಕಪ್ಪೆಯ ಎದುರು ಮಾನ ಕಳೆದುಕೊಳ್ಳುವುದೇ ಎಂದು ಅವರು ಗುಡುಗಿದರು. ತಮಗಂತೂ ಅಗತ್ಯವಿಲ್ಲ, ತಮ್ಮ ನೆನಪು ಕಲ್ಲಿನ ಮೇಲಿನ ಗೆರೆ ಅಂದರು. ಹೊರಗೆ ಹನಿ ಬೀಳುತ್ತಿತ್ತು, ಅವರು ಹೆಗಲ ಮೇಲಿನ ಶಲ್ಯವನ್ನು ತಲೆಗೆ ಹಾಕಿಕೊಂಡು ಹೋದರು. ನನಗೆ ಛತ್ರಿಯ ವಿಷಯ ಗೊತ್ತಿತ್ತು. ಬಾಯಿ ಬಿಡುವಂತಿರಲಿಲ್ಲ.

ಆದರೆ ನಮ್ಮೂರಿನವರಿಗೆ ಒಂದು ಚಟವಿದೆ. ಮಕ್ಕಳಿಗೆ ಅಂತ ತಂದದ್ದನ್ನು ಕದ್ದು ತಿನ್ನುವುದು. ನಾನು ಕಂಪ್ಯೂಟರುಗಳ ಮೇಲೆ 'ಮಕ್ಕಳಿಗೆ ಮಾತ್ರ' ಎಂದು ದೊಡ್ಡದಾಗಿ ಬರೆದು ಅಂಟಿಸಿದೆ. ವಾರದೊಳಗೆ ಗಿರಣಿಯಲ್ಲಿ ಜೋಳ ಬೀಸಲು ಬಂದವರು ಜೋಳ ಮರೆತು ಕಮಲಕ್ಕೆ ಸಾಲು ನಿಂತರು. ಮಾನಪ್ಪ ಹೊಲಿಗೆ ಯಂತ್ರದ ಮೇಲೆ ಕಾಲಾಡಿಸುತ್ತಲೇ ಒತ್ತುತ್ತಿದ್ದ. ಅವನು ಹೊಲಿದ ಒಂದು ಅಂಗಿಗೆ ಮೂರು ತೋಳು ಬಂದವು. ಕಪ್ಪೆಯ ಕೂಗು ಊರಿನ ಎಲ್ಲ ಓಣಿಗಳಿಂದ ಕೇಳತೊಡಗಿತು. ಮಾಸ್ತರು ತಾವು ತಪಾಸಣೆಗಾಗಿ ಮಾತ್ರ ನೋಡುತ್ತಿದ್ದೇವೆಂದು ಹೇಳಿ ಶಾಲೆಯ ಬಾಗಿಲು ಹಾಕಿಕೊಂಡು ತಪಾಸಣೆ ಮಾಡಿದರು. ಬಾಗಿಲ ಸಂದಿಯಿಂದ ಕಪ್ಪೆ ಅವರನ್ನು ಬಯ್ಯುತ್ತಿತ್ತು.

ಮೊದಲು ಬಂದವನು ಮಾನಪ್ಪ. ಊಟದ ನಡುವೆ ತುತ್ತು ಕೈಯಲ್ಲಿ ಹಿಡಿದು ಸುಮ್ಮನೆ ಕೂತ. ಏನೋ ಒಂದು ಇತ್ತು, ಏನೆಂದು ಗೊತ್ತಿಲ್ಲ, ಇತ್ತು ಎಂಬುದು ಗೊತ್ತು ಅಂದ. ದಾಕ್ಷಿ ಅವನ ಎದುರು ರೊಟ್ಟಿ ಹಿಡಿದು ನಿಂತಳು. ಅವನು ತಲೆಯೆತ್ತಿ, ತಂಗಿ, ನಂದೇನಾದರೂ ನಿನ್ನ ಕಡೆ ಬಿತ್ತೇ ಎಂದು ಕೇಳಿದ. ಕತ್ತರಿ ಅವಳ ಬಾಯಿಂದ ಎಷ್ಟು ಬೇಗ ಹೊರಬಿತ್ತೆಂದರೆ ಅಟ್ಟ, ಹಾಸಿಗೆ, ಸುರುಳಿ ಎಲ್ಲ ಒಂದೇ ಮಾತಾಗಿತ್ತು.

ಆಮೇಲೆ ಅಣೆಕಟ್ಟು ಒಡೆದಂತಾಯಿತು. ಗಿರಣಿಯವರು ಬಂದು ಹಾಲಿನ ಮಾತನ್ನು ಒಯ್ದರು. ಯಾರೋ ಹಳೆಯ ಜಗಳ ಒಯ್ದು, ಹೊರಗೆ ಹೋಗಿ ಅದನ್ನು ಆಡಿ ಮುಗಿಸಿ, ತಬ್ಬಿಕೊಂಡು ಬಂದು ಮಜ್ಜಿಗೆ ಕುಡಿದರು. ಮಾಸ್ತರು ಎಲ್ಲರೂ ಎದ್ದು ಹೋಗುವ ತನಕ ಕೈ ತೊಳೆಯುವ ನೆಪದಲ್ಲಿ ನಿಂತಿದ್ದು, ಗಂಟಲು ಸರಿಮಾಡಿಕೊಂಡು, ಛತ್ರಿಯನ್ನು ಕೇಳಿದರು. ಒಂದು ದಿನ ನಾನೂ ಕೇಳಿದೆ. ದಾಕ್ಷಿ ನಕ್ಕಳು. ಅಕ್ಕೋರವು ಬಹಳ ಇವೆ, ಎಲ್ಲ ಕಥೆಗಳ ಬಾಲ, ತಲೆ ಒಂದೂ ಇಲ್ಲ ಅಂದಳು. ಆಯಿ ಹೇಳಿದ ಕಥೆಗಳ ಕೊನೆಗಳು ನನಗೆ ಯಾಕೆ ನೆನಪಿರುವುದಿಲ್ಲವೆಂದು ಬಹಳ ದಿನದಿಂದ ಯೋಚಿಸುತ್ತಿದ್ದೆ. ಬೇವಿನ ಕಟ್ಟೆಯಲ್ಲಿ ಕೂತು ಒಂದೊಂದಾಗಿ ಇಸಿದುಕೊಂಡೆ. ರಾಕ್ಷಸನ ಜೀವವಿದ್ದ ಗಿಳಿ ಕೊನೆಗೆ ಏನಾಯಿತೆಂಬುದು ಅವತ್ತೇ ನನಗೆ ಗೊತ್ತಾದದ್ದು.

ದಾಕ್ಷಿಯ ತಲೆ ಖಾಲಿಯಾಗುತ್ತ ಬಂತು. ಲೆಕ್ಕ ಎರಡನೇ ಸಾಲಿಗೆ ಬಂತು, ಮೂರನೆಯದಕ್ಕೆ ಬಂತು. ಅಲ್ಲಿಗೆ ನಿಂತುಬಿಡುತ್ತಿತ್ತು. ಇನ್ನೂ ಒಂದು ದೊಡ್ಡದು ಒಳಗೆ ಅಡ್ಡ ಕೂತಿದೆ, ಎಲ್ಲಕ್ಕಿಂತ ಭಾರ ಅದೇ ಅಂದಳು. ಯಾರದು ಎಂದು ನಾನು ಕೇಳಲಿಲ್ಲ. ಕೇಳಿದರೆ ಅವಳು ಹೇಳುತ್ತಿರಲೂ ಇಲ್ಲ. ಊರಿನಲ್ಲಿ ಕಮಲ ಒತ್ತದೆ ಉಳಿದದ್ದು ನಾಗವ್ವ ಒಬ್ಬಳೇ. ಅವಳಿಗೆ ನನ್ನ ಮೇಲೆ ಸಿಟ್ಟಿತ್ತು. ಕೇಳಿ ಒಯ್ದವರು ಮತ್ತೆ ಬರುವುದು ಕಡಿಮೆಯಾಗಿತ್ತು. ಎಣ್ಣೆಗಾಯಿಯ ಮಹಿಮೆ ಬಯಲಾಗಿತ್ತು.

ಸೂಟಿ ಹತ್ತಿರ ಬಂತು. ಒಂದು ಸಂಜೆ ನಾನು ಖಾನಾವಳಿಗೆ ಹೋದಾಗ ಪಂಕ್ತಿ ಎದ್ದಿತ್ತು, ದಾಕ್ಷಿ ಮೂಲೆಯಲ್ಲಿ ತಾಟು ಒರೆಸುತ್ತಿದ್ದಳು. ನಾಗವ್ವ ನನಗೆ ಬೆನ್ನು ಮಾಡಿ ಕಂಪ್ಯೂಟರಿನ ಮುಂದೆ ಕೂತು ಹಿಟ್ಟಿನ ಬೆರಳಿನಿಂದ ಒತ್ತುತ್ತಿದ್ದಳು. ಕಪ್ಪೆ ವಟಗುಟ್ಟಿತು. ನಿನ್ನ ಬಾಯಿಗೆ ಕೆಂಡ ಹಾಕಲಿ ಎಂದು ಬೈದು ಮತ್ತೆ ಒತ್ತಿದಳು. ಮತ್ತೆ ಕಪ್ಪೆ. ಎಷ್ಟೋ ದಿನದಿಂದ ಹೀಗೆ ಕದ್ದು ಒತ್ತುತ್ತಿದ್ದಳೆಂದು ಆ ಬೈಗುಳದ ಸಲಿಗೆಯಿಂದಲೇ ತಿಳಿಯುತ್ತಿತ್ತು. ನಾನು ಬಾಗಿಲಲ್ಲೇ, ತಲೆಗಳಿಂದ ದೂರವಾಗಿ, ನಿಂತೆ. ಆಮೇಲೆ ಅವಳ ಕೈ ನಿಂತಿತು. ಹಣೆಯ ಮೇಲೆ ಅಂಗೈ ಇಟ್ಟುಕೊಂಡಳು. ತಿರುಗದೆಯೇ ಕೇಳಿದಳು.

"ದಾಕ್ಷಿ, ನಂದೇನರ ನಿನ್ನ ಕಡೆ ಐತೇನ?"

ತಾಟು ಒರೆಸುವ ಸದ್ದು ನಿಂತಿತು.

"ಐತಿ," ಅಂದಳು ದಾಕ್ಷಿ. "ಹ್ವಾದ ಮಳಿಗಾಲದಾಗ ನನಗ ಜ್ವರ ಬಂದಿತ್ತಲ್ಲ. ನೀ ತಲಿ ಒತ್ತಕೋತ ಅಂದಿದ್ದಿ, ನಿನ್ನ ಗುಡ್ಡದಾಚಿ ಸಾಲಿಗೆ ಕಳಸ್ತೀನಿ, ಲೆಕ್ಕ ಬರಲಿ ಬಿಡಲಿ ಕಳಸ್ತೀನಿ, ನನ್ನಂಗ ಒಲಿ ಮುಂದ ಕುಂಡ್ರಬ್ಯಾಡ ಅಂತ. ಮರುದಿನ ಮಂದಿ ಭಾಳ ಬಂದಿದ್ರು. ಮರತಿ."

"ಇಷ್ಟ ದಿನಾ ಯಾಕ ಹೇಳ್ಲಿಲ್ಲವಾ?"

"ನೀ ಕೇಳಲಿಲ್ಲ."

ನಾಗವ್ವ ಹಿಟ್ಟಿನ ಕೈಯಿಂದಲೇ ಮುಖ ಒರೆಸಿಕೊಂಡಳು. ಬಾಗಿಲಲ್ಲಿದ್ದ ನನ್ನನ್ನು ಆಗ ಕಂಡಳು. ಕೊಟ್ಟ ಮಾತು ಕೊಟ್ಟದ್ದೇ, ಹಲಗೆಯ ಲೆಕ್ಕ ಆಗದಿದ್ದರೂ ತಾನೇ ಗುಡ್ಡ ಹತ್ತಿ ಆ ಹೈಸ್ಕೂಲಿನ ದೊಡ್ಡ ಮಾಸ್ತರರನ್ನು ಕೇಳುತ್ತೇನೆ ಅಂದಳು. ದಾಕ್ಷಿ ಬೇಡ ಅಂದಳು. ಈಗ ಒಳಗೆ ಯಾರೂ ಇಲ್ಲ, ಒಂದು ಸಲ ನೋಡೇ ಬಿಡುತ್ತೇನೆ ಅಂದಳು.

ಹಲಗೆಯ ದಿನ ಊರೇ ಶಾಲೆಯ ಅಂಗಳದಲ್ಲಿ ನೆರೆಯಿತು. ಬರಬೇಡಿ ಎಂದು ನಾನು ಮನೆಮನೆಗೆ ಹೋಗಿ ಹೇಳಿದ್ದೆ, ಅದಕ್ಕೇ ಎಲ್ಲರೂ ಬಂದಿದ್ದರು. ಬಂದವರು ಲೆಕ್ಕ ಮುಗಿಯುವ ತನಕ ಯಾರೂ ಏನನ್ನೂ ಮರೆಯಕೂಡದು ಎಂದು ಮಾಸ್ತರು ಛತ್ರಿ ಎತ್ತಿ ಎಚ್ಚರಿಸಿದರು. ಅಷ್ಟು ಮಂದಿ ಒಟ್ಟಿಗೆ ಮರೆಯದೆ ನಿಂತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಕೆಲವರು ಕಣ್ಣು ಮುಚ್ಚಿದ್ದರು. ಮಾನಪ್ಪ ಕತ್ತರಿ ಕತ್ತರಿ ಎಂದು ಜಪಿಸುತ್ತಿದ್ದ. ಗಿರಣಿಯವನು ಎರಡೂ ಕೈಯಿಂದ ತಲೆಯನ್ನು ಒತ್ತಿ ಹಿಡಿದಿದ್ದ. ಆಯಿ ಕಟ್ಟೆಯ ಮೇಲೆ ಕೂತು ಹಂಸವನ್ನು ಅತ್ತೆಮನೆಗೆ ಕಳಿಸುತ್ತಿದ್ದಳು. ನಾಗವ್ವ ಮಾತ್ರ ಹಲಗೆಯ ಪಕ್ಕದಲ್ಲೇ ನಿಂತಳು. ಎಷ್ಟು ಹೇಳಿದರೂ ದೂರ ಸರಿಯಲಿಲ್ಲ.

ಮಾಸ್ತರು ಏಳು ಸಾವಿರದ ಮುನ್ನೂರ ಎಂಬತ್ತೈದನ್ನು ಮೂವತ್ತಾರರಿಂದ ಭಾಗಿಸಲು ಕೊಟ್ಟರು. ದಾಕ್ಷಿ ಬಳಪ ಎತ್ತಿದಳು. ಮೂವತ್ತಾರು ಎರಡ್ಲ ಎಪ್ಪತ್ತೆರಡು. ಮೇಲೆ ಎರಡು ಬರೆದಳು. ಎಪ್ಪತ್ತಮೂರರಲ್ಲಿ ಎಪ್ಪತ್ತೆರಡು ಹೋದರೆ ಒಂದು. ಎಂಟನ್ನು ಕೆಳಗಿಳಿಸಿದಳು. ಹದಿನೆಂಟು. ಮೂವತ್ತಾರು ಅದರಲ್ಲಿ ಹೋಗುವುದಿಲ್ಲ. ಐದನ್ನೂ ಇಳಿಸಿದಳು. ನೂರ ಎಂಬತ್ತೈದು. ಬಳಪ ಮೇಲಕ್ಕೆ ಹೋಯಿತು, ಎರಡರ ಬಲಕ್ಕೆ ಬಂತು, ಅಲ್ಲೇ ನಿಂತಿತು.

ನಾನು ಬಲ್ಲೆ, ಏನು ಜಾರಿತೆಂದು. ಬಾಯಿ ಕಚ್ಚಿ ಹಿಡಿದೆ. ಹಲಗೆಯ ಪಕ್ಕದಲ್ಲಿ ನಾಗವ್ವನ ಹುಬ್ಬು ಮೇಲೇರಿತು. ಅವಳ ತಲೆಗೆ ಏನೋ ಬಿದ್ದಿತ್ತು. ಕೇಳದೆ ಹೇಳುವಂತಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಮಗಳನ್ನೇ ನೋಡುತ್ತ ನಿಂತಳು.

ದಾಕ್ಷಿ ತನ್ನ ಖಾಲಿ ಅಂಗೈಯನ್ನು ನೋಡಿಕೊಂಡಳು. ಮತ್ತೆ ಹಲಗೆ ನೋಡಿದಳು. ಅವಳ ಮುಖದ ಮೇಲೆ ಮೆಲ್ಲಗೆ ಒಂದು ನಗು ಹುಟ್ಟಿ, ಕಿವಿಯ ತನಕ ಹೋಯಿತು. ಊರಿನ ಕಡೆ ತಿರುಗಿ, ಹಬ್ಬದ ಸುದ್ದಿ ಹೇಳುವವಳ ಹಾಗೆ ಹೇಳಿದಳು.

"ನಾನೂ ಮರತೆ."

ಮಾನಪ್ಪ ಕತ್ತರಿಯನ್ನು ಇನ್ನೂ ಗಟ್ಟಿಯಾಗಿ ಜಪಿಸಿದ. ದಾಕ್ಷಿ ತಾಯಿಯ ಕಡೆ ತಿರುಗಿದಳು.

"ಅವ್ವಾ, ನಂದ ಒಂದು ಇತ್ತು. ನಿನ್ನ ಕಡೆ ಬಿತ್ತೇನ?"

"ಬಿದ್ದೈತಿ," ಅಂದಳು ನಾಗವ್ವ ಸೆರಗು ಕೆಳಗಿಳಿಸಿ. "ಏನಂತ ನನಗ ತಿಳಿವಲ್ದವಾ. ದುಂಡಗೈತಿ. ರೊಟ್ಟಿ ಅನಬೇಕಂದ್ರ ಒಳಗ ಏನೂ ಇಲ್ಲ."

ಅದು ದಾಕ್ಷಿಯದೇ ಸೊತ್ತು, ಕೇಳಿ ಪಡೆದದ್ದು, ಇದರಲ್ಲಿ ರೀತಿ ತಪ್ಪಿದ್ದೇನೂ ಇಲ್ಲ ಎಂದು ಮಾಸ್ತರು ಛತ್ರಿಯನ್ನು ನೆಲಕ್ಕೆ ಕುಟ್ಟಿ ತೀರ್ಪು ಕೊಟ್ಟರು. ದಾಕ್ಷಿ ಎರಡರ ಬಲಕ್ಕೆ, ಅವ್ವ ಹೇಳಿದ ಹಾಗೇ ದುಂಡಗೆ, ಒಳಗೆ ಏನೂ ಇಲ್ಲದ್ದನ್ನು ಬರೆದಳು. ಮೂವತ್ತಾರು ಐದ್ಲ ನೂರ ಎಂಬತ್ತು. ಸೊನ್ನೆಯ ಬಲಕ್ಕೆ ಐದು ಬರೆದಳು. ನೂರ ಎಂಬತ್ತೈದರಲ್ಲಿ ನೂರ ಎಂಬತ್ತು ಹೋದರೆ ಐದು. ಕೆಳಗೆ ಗೆರೆ ಎಳೆದು, ಶೇಷ ಐದು ಎಂದು ಬರೆದು, ಬಳಪ ಕೆಳಗಿಟ್ಟಳು.